ಗಾಯರಾಣದ ಸಹಿ

ನಿಪ್ಪಾಣಿ
12 ಜುಲೈ 1988

ಗೆಳತಿ ಗಿರಿಜವ್ವಾ,

ಇಲ್ಲಿಗೆ ವರ್ಗವಾಗಿ ಬಂದು ಹದಿನೈದು ದಿನವಾಯಿತು. ಶಾಲೆ ದೊಡ್ಡದು. ಮಕ್ಕಳು ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಜಗಳವಾಡುವಾಗ ಎರಡೂ. ಕಿಟಕಿ ತೆರೆದರೆ ತಂಬಾಕಿನ ಘಾಟು ಬರುತ್ತದೆ. ಮೊದಲ ಮೂರು ದಿನ ಸೀನುತ್ತಲೇ ಪಾಠ ಮಾಡಿದೆ. "ಸವಯ್ ಆಗ್ತೈತ್ರಿ ಅಕ್ಕೋರ" ಎಂದು ಶಾಲೆಯ ಸಿಪಾಯಿ ಸಮಾಧಾನ ಹೇಳಿದ. ಸವಯ್ ಎಂದರೆ ರೂಢಿ.

ಮನಸ್ಸು ಮಾತ್ರ ಮಡ್ಡಿಹಾಳದಲ್ಲೇ ಇದೆ. ಮಳೆಯಾಯಿತೆ? ಗಾಯರಾಣದಲ್ಲಿ ಹುಲ್ಲು ಎಷ್ಟು ಎದ್ದಿದೆ? ಇಲ್ಲಿಯ ಶಿಕ್ಷಕಿಯರಿಗೆ ನಮ್ಮೂರಿನ ದನ ಮೇಯುವ ಬಯಲಿನ ಕಥೆ ಹೇಳಿದರೆ ನಂಬುವುದಿಲ್ಲ. ನಾಲ್ಕು ವರ್ಷದ ಹಿಂದೆ ನೂರಾ ಅರವತ್ತು ಎಕರೆಯಲ್ಲಿ ಒಂದು ಹಸಿರು ಎಸಳಿರಲಿಲ್ಲ ಎಂದರೂ ನಂಬುವುದಿಲ್ಲ, ಈಗ ಇದೆ ಎಂದರೂ ನಂಬುವುದಿಲ್ಲ. "ಸರಕಾರದ ಜಾಗಾ, ಮೊದಲ ಮೇಸಿದಾವ ಶಾಣ್ಯಾ" ಎಂದು ಸುತ್ತಲಿನ ನಾಲ್ಕು ಊರಿನವರು ದನ ಹೊಡೆದುಕೊಂಡು ಬರುತ್ತಿದ್ದುದು ನೆನಪಿದೆಯೆ? ನಿನ್ನ ಗಂಡ ಮಾಳಸಿದ್ದ ಹನುಮಪ್ಪನ ಕಟ್ಟೆಯ ಮೇಲೆ ಎದ್ದು ನಿಂತು, "ಕುರಿ ತಿಂದ ಜಾಗಾಕ್ಕ ನಲವತ್ತ ದಿನ ಮತ್ತ ಕುರಿ ಹೋಗಬಾರದು. ಹುಲ್ಲಿಗೂ ಉಸಿರು ಬೇಕಲ್ರಿ" ಎಂದ. ಅಕ್ಷರ ಬಾರದ ಆತ ಹೇಳುತ್ತ ಹೋದ, ನಾನು ಪುಸ್ತಕದಲ್ಲಿ ಬರೆಯುತ್ತ ಹೋದೆ. ಎಂಬತ್ತು ಎಕರೆಗೆ ಮುಳ್ಳುಬೇಲಿ. ದೀಪಾವಳಿಯ ತನಕ ಅದರೊಳಗೆ ಒಂದು ಕರುವೂ ಹೋಗಬಾರದು. ಆಮೇಲೆ ಕುಡುಗೋಲಿನಿಂದ ಕೊಯ್ದು ಮನೆಗಿಷ್ಟು ಹೊರೆ. ಉಳಿದ ಎಂಬತ್ತರಲ್ಲಿ ಮೇಯಿಸಬಹುದು, ಅದೂ ಪಾಳಿಯಂತೆ. ಕಾವಲು ಮಾಳಸಿದ್ದನದು, ಬರವಣಿಗೆ ನನ್ನದು.

ದಾಖಲೆಯಲ್ಲಿ ಗಾಯರಾಣ ಸಮಿತಿಯ ಕಾರ್ಯದರ್ಶಿ ಎಂದು ಇನ್ನೂ ನನ್ನ ಹೆಸರೇ ಇದೆ. ಹೊಸಬರು ಸಿಗುವ ತನಕ ಇರಲಿ. ನಾನಿಲ್ಲದೆ ನಿಮ್ಮಿಂದ ನಡೆಯುತ್ತದೋ ಇಲ್ಲವೋ ಎಂದು ಒಂದೊಂದು ಸಲ ಅಂಜಿಕೆಯಾಗುತ್ತದೆ. ಬರೆ.

ನಿನ್ನ
ಕುಸುಮ


ಮಡ್ಡಿಹಾಳ
20 ನವೆಂಬರ್ 1988

ಕುಸುಮಾ,

ನಿನ್ನ ಪತ್ರಕ್ಕೆ ಉತ್ತರ ಬರೆಯಲು ನಾಲ್ಕು ತಿಂಗಳು ಹಿಡಿಯಿತು. ಏಳನೇ ಇಯತ್ತೆ ಮುಗಿಸಿ ಇಪ್ಪತ್ತೆರಡು ವರ್ಷವಾದ ಕೈ ಇದು. ಕುಡುಗೋಲಿಗಿಂತ ಪೆನ್ನು ಭಾರ. ತಪ್ಪಿದ್ದರೆ ಕೆಂಪು ಶಾಯಿ ಹಚ್ಚಬೇಡ.

ನೀನಿಲ್ಲದೆಯೂ ನಡೆದಿದೆ. ದೀಪಾವಳಿಯ ಮರುವಾರ ಕೊಯ್ಲು ಮಾಡಿದೆವು. ಕರಡ ಹುಲ್ಲು ನನ್ನ ಸೊಂಟದ ತನಕ ಬಂದಿತ್ತು. ಮನೆಗೆ ಒಂಬತ್ತು ಹೊರೆ ಸಿಕ್ಕಿತು. ಗೇಣು ಹೊಲವೂ ಇಲ್ಲದ ಮುದುಕಿ ಲಕ್ಕವ್ವನಿಗೂ ಒಂಬತ್ತೇ, ನೂರು ಎಕರೆ ಇರುವವರಿಗೂ ಒಂಬತ್ತೇ.

ಒಂದು ಜಗಳವಾಯಿತು. ಪಂಚ ಬಾಬಾಸಾಹೇಬರ ಎಮ್ಮೆ ಬೇಲಿಯೊಳಗೆ ಸಿಕ್ಕಿತು. ನಮ್ಮ ಮನೆಯವರು ಅದನ್ನು ತಂದು ಗುಡಿಯ ಮುಂದೆ ಕಟ್ಟಿದರು. ಬಾಬಾಸಾಹೇಬರು ಬಂದು, "ಪಂಚರ ಎಮ್ಮಿ ಅಂತ ಗೊತ್ತಿದ್ದಿಲ್ಲೇನ್ಲೇ?" ಎಂದರು. ಇವರು, "ನನಗ ಗೊತ್ತಿತ್ರಿ. ಎಮ್ಮಿಗೆ ಗೊತ್ತಿದ್ದಂಗ ಕಾಣ್ಲಿಲ್ಲ" ಎಂದರು. ಕೂತವರೆಲ್ಲ ನಕ್ಕರು, ಕಡೆಗೆ ಬಾಬಾಸಾಹೇಬರೂ ನಕ್ಕರು. ತಪ್ಪಿಗೆ ಎರಡು ಬಂಡಿ ಜಾಲಿಮುಳ್ಳು ತಂದು ಬೇಲಿಗೆ ಹಾಕಿದರು.

ಇನ್ನೊಂದು ಮಾತು. ನಿನ್ನ ಅಣ್ಣ ಕಾಕಾಸಾಹೇಬರು ಗಾಯರಾಣಕ್ಕೆ ಹತ್ತಿದ ಹೊಲದಲ್ಲಿ ದ್ರಾಕ್ಷಿ ಹಚ್ಚಿದ್ದಾರೆ. ಕಲ್ಲುಕಂಬದ ಎರಡು ಸಾಲು ಬೇಲಿಯ ಈಚೆಗೆ ಬಂದಿವೆ. ಕೇಳಿದರೆ, ಅಳತೆ ತಪ್ಪಿದೆ, ಸರಿ ಮಾಡುತ್ತೇವೆ ಎಂದರು. ಇದು ಚಾಡಿಯಲ್ಲ. ನೀನು ಒಂದು ಮಾತು ಹೇಳಿದರೆ ಸಾಕು.

ಅತ್ತೆ ಹೊಳೆವ್ವ ನಿನ್ನನ್ನು ಕೇಳಿದರು. "ಅಕ್ಕೋರಿಗೆ ತಂಬಾಕಿನ ಊರಾಗ ಊಟ ಸೇರ್ತೈತೇನ?" ಅಂತ.

ಗಿರಿಜವ್ವ


ನಿಪ್ಪಾಣಿ
25 ಜನವರಿ 1989

ಗಿರಿಜವ್ವಾ,

ಸಂಕ್ರಾಂತಿಗೆ ಅಣ್ಣ ಬಂದಾಗ ಹೇಳಿದೆ. ನಕ್ಕ. "ಎರಡ ಸಾಲ ಕಂಬಕ್ಕ ಊರ ಮುಳುಗ್ತೈತೇನ ತಂಗಿ? ಕಿತ್ತು ಹಾಕ್ತೀನಿ ತಗೋ" ಎಂದ. ಕೀಳುತ್ತಾನೆ. ನೀವು ಅವನೊಂದಿಗೆ ಬಿರುಸಾಗಿ ಮಾತಾಡಬೇಡಿ. ಇಪ್ಪತ್ತನೇ ವಯಸ್ಸಿಗೆ ಗಂಡ ತೀರಿ ನಾನು ತವರಿಗೆ ಬಂದಾಗ ನನ್ನನ್ನು ಅಡುಗೆಮನೆಯಲ್ಲಿ ಕೂಡಿಸದೆ, ಅಪ್ಪನೊಂದಿಗೆ ಜಗಳ ಮಾಡಿ ಟ್ರೇನಿಂಗ್ ಕಾಲೇಜಿಗೆ ಹಚ್ಚಿದವನು ಅವನೇ. ಅವನ ವಿಷಯದಲ್ಲಿ ನನಗೆ ನಾಲಿಗೆ ಏಳುವುದಿಲ್ಲ.

ಹೊಳೆವ್ವನಿಗೆ ನಮಸ್ಕಾರ ಹೇಳು.

ಕುಸುಮ


ಮಡ್ಡಿಹಾಳ
18 ಮಾರ್ಚ್ 1992

ಕುಸುಮಾ,

ಮೂರು ವರ್ಷ ಪತ್ರವಿರಲಿಲ್ಲ. ರಜೆಯಲ್ಲಿ ನೀನು ಬಂದಾಗ ಭೇಟಿಯಾಗುತ್ತಿತ್ತು, ಸಾಲುತ್ತಿತ್ತು. ಈ ಸಲ ದೀಪಾವಳಿಗೂ ನೀನು ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ಸೋಮವಾರ ಬೇಲಿಯೊಳಗಿನ ಇಪ್ಪತ್ತು ಎಕರೆಗೆ ತಂತಿ ಬಿದ್ದಿತು. ನಿನ್ನ ಅಣ್ಣನ ಮತ್ತು ಅವರ ಮನೆಯವರ ಹೆಸರಿಗೆ ಸಾಗುವಳಿ ಸಕ್ರಮವಾಗಿದೆಯಂತೆ. ಹುಲ್ಲು ಚೆನ್ನಾಗಿ ಎದ್ದ, ಮಣ್ಣು ಆಳವಾದ ಭಾಗವೇ ಅದು. ಟ್ರ್ಯಾಕ್ಟರ್ ತಂದು ಎರಡು ದಿನದಲ್ಲಿ ಬೇರುಸಹಿತ ತಿರುವಿ ಹಾಕಿದರು. ಬಾಬಾಸಾಹೇಬರು ಅಥಣಿಗೆ ಹೋಗಿ ವಿಚಾರಿಸಿದರೆ, ಊರವರೇ ಒಪ್ಪಿ ಬರೆದುಕೊಟ್ಟ ಕಾಗದವಿದೆ, ಅದರಲ್ಲಿ ಕಾವಲುಗಾರ ಮಾಳಸಿದ್ದನ ಹೆಬ್ಬೆಟ್ಟಿದೆ ಎಂದು ತಿಳಿದುಬಂತು. ಆ ಜಾಗ ದನಗಳಿಗೆ ಬೇಡ, ಕಾಕಾಸಾಹೇಬರೇ ಹದಿನಾಲ್ಕು ವರ್ಷದಿಂದ ಉಳುತ್ತಿದ್ದಾರೆ ಎಂದು ಬರೆದಿದೆಯಂತೆ.

ಇವರಿಗೆ ಏನೂ ಗೊತ್ತಿಲ್ಲ. ಹೋದ ವರ್ಷ ನಿನ್ನ ಅಣ್ಣನ ಮನೆಯ ಆಳು ಬಂದು, ಕುರಿಗಳಿಗೆ ಔಷಧ ಬರುತ್ತದೆ, ಹೆಸರು ಬರೆಸಬೇಕು ಎಂದು ಒಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದ. ಅದೇ ಇರಬೇಕು. ಊರು ಕೇಳುತ್ತಿಲ್ಲ. "ಗಾಯರಾಣ ಮಾರಿದಾವ" ಎನ್ನುತ್ತಿದೆ. ನೀರಿಗೆ ಹೋದರೆ ಹೆಂಗಸರು ಸರಿದು ನಿಲ್ಲುತ್ತಾರೆ.

ನೀನು ಕಾರ್ಯದರ್ಶಿ. ಸಮಿತಿ ನಡೆಯುತ್ತಿದೆ, ಆ ಜಾಗ ಯಾರೂ ಉತ್ತಿದ್ದಲ್ಲ ಎಂದು ನೀನೊಂದು ಅರ್ಜಿ ಬರೆದರೆ ಆಫೀಸಿನವರು ಓದುತ್ತಾರೆ. ಅಣ್ಣನ ಮೇಲೆ ಬರೆಯುವುದು ಕಷ್ಟ ಎಂದು ನನಗೆ ಗೊತ್ತು. ಆದರೂ ಕೇಳುತ್ತಿದ್ದೇನೆ.

ಗಿರಿಜವ್ವ


ನಿಪ್ಪಾಣಿ
9 ಜೂನ್ 1992

ಪ್ರಿಯ ಗಿರಿಜವ್ವಾ,

ಪರೀಕ್ಷೆ, ಪೇಪರು ತಿದ್ದುವುದು, ನಡುವೆ ಜ್ವರ. ತಡವಾಯಿತು.

ವಿಷಯ ಕೇಳಿ ಬೇಸರವಾಯಿತು. ಆದರೆ ಇಂಥ ಅರ್ಜಿಯನ್ನು ಊರಿನಲ್ಲಿ ಇರುವವರೇ ಕೊಟ್ಟರೆ ತೂಕ ಹೆಚ್ಚು. ನಾನು ಊರು ಬಿಟ್ಟು ನಾಲ್ಕು ವರ್ಷವಾಯಿತು, ಸರಕಾರಿ ನೌಕರಿಯಲ್ಲಿದ್ದೇನೆ, ಇದರಲ್ಲಿ ಬರುವುದು ಸರಿಯೋ ತಪ್ಪೋ ಎಂದು ವಿಚಾರಿಸುತ್ತಿದ್ದೇನೆ. ಇನ್ನೂ ನೂರಾ ನಲವತ್ತು ಎಕರೆ ಉಳಿದಿದೆಯಲ್ಲ, ಅದನ್ನಾದರೂ ಚೆನ್ನಾಗಿ ನೋಡಿಕೊಳ್ಳಿ. ಮಾಳಸಿದ್ದನ ಬಗ್ಗೆ ಜನ ನಾಲ್ಕು ದಿನ ಆಡಿಕೊಳ್ಳುತ್ತಾರೆ, ಮರೆಯುತ್ತಾರೆ. ಆತ ಧೈರ್ಯದವನು.

ಇಲ್ಲಿ ಮಳೆ ಬೇಗ ಹಿಡಿದಿದೆ. ಶಾಲೆಯ ಹಿಂದಿನ ಗೋಡೆ ಸೋರುತ್ತಿದೆ.

ಕುಸುಮ


ಮಡ್ಡಿಹಾಳ
2 ಸೆಪ್ಟೆಂಬರ್ 1992

ಕುಸುಮಾ,

ಉಳಿದ ನೂರಾ ನಲವತ್ತರ ಸುದ್ದಿ ಕೇಳು. ಮಳೆ ಬಿದ್ದ ಎಂಟನೇ ದಿನ ಯಾರೋ ಬೇಲಿಯ ಮುಳ್ಳು ಎಳೆದರು. "ದೊಡ್ಡವರು ಇಪ್ಪತ್ತ ಎಕರೆ ನುಂಗ್ಯಾರ, ನಮ್ಮ ಆಡು ನಾಲ್ಕ ಎಸಳು ತಿಂದರ ಏನ ಹೋಗ್ತೈತಿ" ಎಂದು ಒಬ್ಬರು ಬಿಟ್ಟರು. ಮರುದಿನ ಹತ್ತು ಮನೆಯವರು. ಆಮೇಲೆ ನೆರೆಯೂರಿನವರು. ನಾಳೆ ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೆ ಇವತ್ತು ಯಾರು ತಡೆಯುತ್ತಾರೆ? ಹುಲ್ಲು ಬೆರಳುದ್ದ ಆಗುವುದರೊಳಗೆ ಮುಗಿಯಿತು. ಬೇರು ಹಿಡಿದ ತಂಗಡಿ ಗಿಡವನ್ನೂ ಒಲೆಗೆ ಕಿತ್ತರು. ಎಂಟು ವರ್ಷದ ಕೆಲಸ ನಲವತ್ತು ದಿನದಲ್ಲಿ ಹೋಯಿತು.

ನಮ್ಮ ಮನೆಯವರು ದಿಣ್ಣೆಯ ಮೇಲೆ ನಿಂತು ನೋಡುತ್ತಿದ್ದರು. ಹೋಗಿ ತಡೆದರೆ, "ನೀ ಯಾವ ಬಾಯಿಲೆ ಹೇಳ್ತಿ?" ಎನ್ನುತ್ತಿದ್ದರು. ಶ್ರಾವಣದ ಕಡೆಯ ಸೋಮವಾರ ಕಟ್ಟೆಯ ಮೇಲೆ ಪಂಚರು ಕರೆಸಿದರು. ಬಾಬಾಸಾಹೇಬರು, "ಎಮ್ಮಿ ಕಟ್ಟಿ ಹಾಕಿದಿ, ಇಪ್ಪತ್ತ ಎಕರೆ ಬಿಟ್ಟಿ. ಎಷ್ಟಕ್ಕ ಬಿಟ್ಟಿ ಹೇಳು" ಎಂದರು. ಇವರು ತಮ್ಮ ಬಲಗೈಯ ಹೆಬ್ಬೆರಳನ್ನು ನೋಡಿಕೊಳ್ಳುತ್ತ ಕೂತರು. ಮೂರನೇ ದಿನ ಕುರಿ ಹೊಡೆದುಕೊಂಡು ಕೃಷ್ಣೆಯ ಕಡೆ ಹೋದರು. ಕುರಿ ಮೇಯಿಸಲು ದೀಪಾವಳಿಯ ಮುಂಚೆ ಎಂದೂ ಊರು ಬಿಟ್ಟವರಲ್ಲ ಅವರು.

ಅರ್ಜಿಯ ಬಗ್ಗೆ ವಿಚಾರಿಸುತ್ತೇನೆ ಎಂದಿದ್ದೆ. ವಿಚಾರಿಸಿದೆಯಾ?

ಗಿರಿಜವ್ವ


ಮಡ್ಡಿಹಾಳ
14 ಫೆಬ್ರವರಿ 1993

ಕುಸುಮಾ,

ಕಾರ್ಡಿನಲ್ಲಿ ಹಿಡಿಸುವಷ್ಟು ಬರೆಯುತ್ತೇನೆ. ಅತ್ತೆ ಹೊಳೆವ್ವ ಕಳೆದ ಮಂಗಳವಾರ ತೀರಿಕೊಂಡರು. ಮಗನಿಗೆ ಸುದ್ದಿ ಮುಟ್ಟಿ ಬರುವುದರಲ್ಲಿ ಮಣ್ಣಾಗಿತ್ತು. ಹೆಗಲು ಕೊಡಲು ನಮ್ಮ ಓಣಿಯಿಂದ ಆರು ಜನ ಬಂದರು, ಊರಿನಿಂದ ಯಾರೂ ಬರಲಿಲ್ಲ. ಕಡೆಯ ವಾರ ಪೂರ್ತಿ, "ನನ್ನ ಮಗ ಮಾರಿಲ್ಲಲಾ?" ಎಂದು ಬಂದವರನ್ನೆಲ್ಲ ಕೇಳುತ್ತಿದ್ದರು. ಇವರು ಮೂರು ದಿನವಿದ್ದು ತಿರುಗಿ ಹೋದರು.

ಉತ್ತರ ಬರೆಯಬೇಕೆಂದಿಲ್ಲ.

ಗಿರಿಜವ್ವ


ನಿಪ್ಪಾಣಿ
1 ಮಾರ್ಚ್ 1993

ಗಿರಿಜವ್ವಾ,

ಹತ್ತು ದಿನದಿಂದ ಬರೆದು ಹರಿಯುತ್ತಿದ್ದೇನೆ. ಇದನ್ನು ಹರಿಯುವುದಿಲ್ಲ.

ಆ ಕಾಗದದ ಮೇಲೆ ಮಾಳಸಿದ್ದನ ಹೆಬ್ಬೆಟ್ಟು ಒಂದೇ ಇಲ್ಲ. ಕೆಳಗೆ ಸಮಿತಿಯ ಕಾರ್ಯದರ್ಶಿಯ ಸಹಿ ಇದೆ. ನನ್ನದು. 1991ರ ದಸರೆಯ ರಜೆಯಲ್ಲಿ ಅಣ್ಣ ನಿಪ್ಪಾಣಿಗೆ ಬಂದು ಏನೇನೋ ಕಾಗದ ಮುಂದಿಟ್ಟ. ಮನೆಯ ಹಂಚಿಕೆಯ ಪತ್ರಗಳೂ ಇದ್ದವು. ಅವಸರವಾಗಿತ್ತು, ನಾನು ಓದದೆ ಸಹಿ ಮಾಡಿದೆ. ನಿನ್ನ ಮಾರ್ಚಿನ ಪತ್ರ ಬಂದಾಗಲೇ ಏನಾಗಿದೆ ಎಂದು ತಿಳಿಯಿತು. ಹೇಳಲು ಬಾಯಿ ಬರಲಿಲ್ಲ. ಆ ದೀಪಾವಳಿಗೆ ಊರಿಗೆ ಬರದೇ ಇದ್ದುದಕ್ಕೂ ಇದೇ ಕಾರಣ.

ಚಿಕ್ಕೋಡಿಯ ಪ್ರಾಂತ ಸಾಹೇಬರ ಕಚೇರಿಗೆ ಅರ್ಜಿ ಬರೆದಿದ್ದೇನೆ. ಕರೆದರೆ ಬಂದು ಹೇಳುತ್ತೇನೆ. ಈ ಪತ್ರವನ್ನು ನೀನು ಯಾರಿಗೆ ಬೇಕಾದರೂ ಓದಿ ಹೇಳು. ಮಾಳಸಿದ್ದನಿಗೆ ಮೊದಲು.

ಹೊಳೆವ್ವ ನನ್ನನ್ನೂ ಕೇಳಬೇಕಾಗಿತ್ತು. ನಾನು ಅಲ್ಲಿರಲಿಲ್ಲ.

ಕುಸುಮ


ಮಡ್ಡಿಹಾಳ
22 ಮಾರ್ಚ್ 1993

ಶ್ರೀಮತಿ ಕುಸುಮ ಮಗದುಮ್ಮ ಅವರಿಗೆ,

ನಿಮ್ಮ ಪತ್ರ ಮುಟ್ಟಿತು. ಕಟ್ಟೆಯ ಮೇಲೆ ಬಾಬಾಸಾಹೇಬರಿಂದಲೇ ಓದಿಸಿದೆ. ನಡುವೆ ಎರಡು ಸಲ ಕನ್ನಡಕ ತೆಗೆದು ಒರೆಸಿಕೊಂಡರು. ಓದಿ ಮುಗಿದ ಮೇಲೆ ಒಬ್ಬೊಬ್ಬರೇ ಎದ್ದು ಹೋದರು.

ನಾನೂ ಮನೆಯಲ್ಲಿ ಮೂರು ಸಲ ಓದಿದೆ. ಒಂದು ಮಾತು ನಂಬಲಾಗಲಿಲ್ಲ. ಓದದೆ ಸಹಿ ಮಾಡಿದೆ ಎಂದು ಬರೆದಿದ್ದೀರಿ. ನೀವು ಪ್ರೌಢರ ಶಾಲೆ ನಡೆಸುವಾಗ ನಮಗೆ ಹೇಳುತ್ತಿದ್ದಿರಿ: ರೇಷನ್ ಕಾರ್ಡೇ ಇರಲಿ, ಯಾರಾದರೂ ಓದಿ ಹೇಳುವ ತನಕ ಹೆಬ್ಬೆಟ್ಟು ಒತ್ತಬೇಡಿ ಎಂದು. ನಿಮ್ಮಂಥವರು ಓದದೆ ಸಹಿ ಮಾಡುತ್ತೀರಾ? ಮಾರ್ಚಿನಲ್ಲಿ ತಿಳಿದದ್ದಾದರೆ, ಅದರ ಹಿಂದಿನ ದೀಪಾವಳಿಗೇ ಊರಿಗೆ ಬರಲು ಏಕೆ ಅಂಜಿದಿರಿ?

ನಾನೂ ಒಂದನ್ನು ಬರೆಯದೆ ಬಿಟ್ಟಿದ್ದೆ. ಇವರು ಊರಿನವರ ಮಾತಿಗೆ ಊರು ಬಿಡಲಿಲ್ಲ. ಪಂಚರು ಕರೆಸಿದ ದಿನ ಮನೆಗೆ ಬಂದು ಊಟಕ್ಕೆ ಕೂತಾಗ ನಾನು ಕೇಳಿದೆ: "ಖರೇ ಹೇಳ್ರಿ, ಏನ ತಗೊಂಡ್ರಿ?" ಎಂದು. ಕೈ ತೊಳೆದು ಎದ್ದರು. ಅತ್ತೆ ಒಳಗಿನಿಂದ ಕೇಳಿಸಿಕೊಂಡರು. ಅವರು ಸಾಯುವ ತನಕ ಬಂದವರನ್ನೆಲ್ಲ ಕೇಳುತ್ತಿದ್ದುದು ಆ ಮಾತಿನ ಉತ್ತರವನ್ನೇ. ಆರು ಜನ ಬಂದರು, ಊರು ಬರಲಿಲ್ಲ ಎಂದು ನಿಮಗೆ ಬರೆದೆ. ನಾನು ಕೇಳಿದ್ದನ್ನು ಬರೆಯಲಿಲ್ಲ.

ಗಿರಿಜವ್ವ


ನಿಪ್ಪಾಣಿ
4 ಏಪ್ರಿಲ್ 1993

ಗಿರಿಜವ್ವಾ,

ಓದಿದ್ದೆ. ಎರಡು ಸಲ.

ಆ ದಿನ ಅಣ್ಣ ಒಂದೇ ಕಾಗದ ತಂದಿದ್ದ. ಹಂಚಿಕೆಯ ಪತ್ರಗಳು ಎಂದು ಬರೆದದ್ದು ಸುಳ್ಳು. ಅದನ್ನು ಮುಂದಿಟ್ಟು, "ಓದು ತಂಗಿ. ಓದಿದ ಮ್ಯಾಲ ನಿನಗ ಸರಿ ಅನಿಸಿದ್ರ ಮಾಡು. ನಾ ಒತ್ತಾಯ ಮಾಡೂದಿಲ್ಲ" ಎಂದ. ಅಪ್ಪ ಒಲ್ಲೆ ಎಂದಾಗ ನನ್ನ ಟ್ರಂಕನ್ನು ಹೆಗಲ ಮೇಲೆ ಹೊತ್ತು ಅಥಣಿಯ ಬಸ್ಸಿಗೆ ಹಾಕಿದವನು. ಅದನ್ನು ಅವನು ನೆನಪಿಸಲಿಲ್ಲ. ನಾನೇ ನೆನಪಿಸಿಕೊಂಡೆ.

ಕಾಗದದ ಮೇಲೆ ಮಾಳಸಿದ್ದನ ಹೆಬ್ಬೆಟ್ಟು ಮೊದಲೇ ಇತ್ತು. ನಡುವೆ ಸೀಳಿದ ಗಾಯದ ಗೆರೆ ಇರುವ ಆ ಬೆರಳಿನ ಗುರುತು ನನಗೆ ಗೊತ್ತು. ಸಮಿತಿಯ ಪುಸ್ತಕದಲ್ಲಿ ನಾನೇ ಎಷ್ಟು ಸಲ ಒತ್ತಿಸಿಕೊಂಡಿಲ್ಲ? ಅದರ ಕೆಳಗೆ, "ಮೇಲಿನ ಮಜಕೂರನ್ನು ಹೆಬ್ಬೆಟ್ಟು ಒತ್ತಿದವರಿಗೆ ನನ್ನ ಸಮಕ್ಷಮ ಓದಿ ಹೇಳಲಾಗಿ ಅವರು ಒಪ್ಪಿದ್ದಾರೆ" ಎಂದು ಇತ್ತು. ನನ್ನ ಸಹಿ ಆ ಸಾಲಿಗೆ. ನಾನು ಯಾರಿಗೂ ಏನೂ ಓದಿ ಹೇಳಿರಲಿಲ್ಲ.

ಇನ್ನೊಂದು ಉಳಿದಿದೆ. ಇದನ್ನು ಹೇಳದಿದ್ದರೆ ಹೇಳಿದ್ದೆಲ್ಲ ಅರ್ಧವಾಗುತ್ತದೆ. ಕಾಗದದಲ್ಲಿ ಒಂದು ಕಡೆ, "ಕಾರ್ಯದರ್ಶಿಯವರ ವರ್ಗಾವಣೆಯ ನಂತರ ಸಮಿತಿ ನಿಂತುಹೋಗಿದೆ" ಎಂದು ಬರೆದಿತ್ತು. ಸುಳ್ಳೆಂದು ನನಗೆ ಗೊತ್ತಿತ್ತು. ಸೊಂಟದ ತನಕ ಹುಲ್ಲು ಬಂದಿದೆ ಎಂದು ನೀನು ಬರೆದ ಪತ್ರ ಅದೇ ಕೋಣೆಯಲ್ಲಿತ್ತು. ಆದರೆ ಆ ಸಾಲು ಓದುವಾಗ ಮನಸ್ಸಿನ ಮೂಲೆಯಲ್ಲಿ ಹಿತವಾಯಿತು. ನಾನು ಹೋದ ಮೇಲೆ ನಿಂತಿತು ಎಂದು ಸರಕಾರದ ಕಾಗದದಲ್ಲಿ ಬರೆದಿದೆಯಲ್ಲ ಎಂದು. ನೀವು ನಾನಿಲ್ಲದೆ ನಡೆಸಿದ್ದು ನನಗೆ ಒಳಗೇ ಎಲ್ಲೋ ಚುಚ್ಚುತ್ತಿತ್ತು. ಅಣ್ಣನ ಋಣ ಅಂತ ಹೇಳಿಕೊಳ್ಳಬಹುದು, ಕೇಳಿದವರು ಒಪ್ಪಲೂಬಹುದು. ನಿನಗೆ ಮಾತ್ರ ಇದನ್ನು ಬರೆಯುತ್ತಿದ್ದೇನೆ. ಬರೆದಾದ ಮೇಲೆ ಇದನ್ನೂ ಹರಿಯಬೇಕೆನಿಸುತ್ತಿದೆ. ಅದಕ್ಕೆ ಈಗಲೇ ಹೋಗಿ ಟಪಾಲಿಗೆ ಹಾಕುತ್ತೇನೆ.

ಕುಸುಮ


ಶಿರಗುಪ್ಪಿ
10 ಜೂನ್ 1993

ಕುಸುಮ ಅವರಿಗೆ,

ಇವರನ್ನು ಹುಡುಕಿಕೊಂಡು ಇಲ್ಲಿಗೆ ಬಂದೆ. ಕಬ್ಬು ಕಡಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದಾರೆ. ಗುರುತು ಸಿಗದಷ್ಟು ಸೊರಗಿದ್ದಾರೆ. ಮೊದಲು ನಾನು ನನ್ನ ತಪ್ಪು ಒಪ್ಪಿಕೊಂಡೆ. ಆಮೇಲೆ ನಿಮ್ಮ ಎರಡೂ ಪತ್ರಗಳನ್ನು ಓದಿ ಹೇಳಿದೆ. ನನಗೆ ಮಾತ್ರ ಎಂದು ನೀವು ಬರೆದದ್ದನ್ನೂ ಓದಿದೆ. ಈ ಮನುಷ್ಯನಿಗೆ ಓದಿ ಹೇಳದೆ ಇಟ್ಟ ಕಾಗದ ಇನ್ನೊಂದಿರಬಾರದು ಎನಿಸಿತು.

ಪೂರ್ತಿ ಕೇಳಿದರು. ಸಿಟ್ಟು ಮಾಡಲಿಲ್ಲ. ಒಂದು ಕುರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದರು, ಅದನ್ನು ತೆಗೆದು ಮುಗಿಸಿದರು. ಕಡೆಗೆ ಒಂದೇ ಮಾತು ಕೇಳಿದರು: "ಅವ್ವಗ ಇದನ್ನ ಯಾರ ಓದಿ ಹೇಳ್ತಾರ?"

ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದ್ದರೆ ಬರೆಯಿರಿ.

ಗಿರಿಜವ್ವ


ನಿಪ್ಪಾಣಿ
19 ನವೆಂಬರ್ 1993

ಗಿರಿಜವ್ವಾ,

ಮಾಳಸಿದ್ದ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಐದು ತಿಂಗಳು ಹುಡುಕಿ, ಇಲ್ಲ ಎಂದು ಬರೆಯುತ್ತಿದ್ದೇನೆ.

ನಿನ್ನೆ ಚಿಕ್ಕೋಡಿಯಲ್ಲಿ ವಿಚಾರಣೆಯಾಯಿತು. ಎರಡು ಸಲ ನೀನು ಬಂದು ಕಾದು ತಾರೀಖು ಮುಂದೆ ಹೋಗಿ ತಿರುಗಿದೆ. ಮೂರನೇ ಸಲ ನಡೆದದ್ದನ್ನು ನೀನು ನೋಡಲಿಲ್ಲ, ಅದಕ್ಕೆ ಹೇಳುತ್ತೇನೆ. ಊರ ಪರವಾಗಿ ಬಾಬಾಸಾಹೇಬರು ಬಂದಿದ್ದರು. ಅಣ್ಣ ವಕೀಲರೊಂದಿಗೆ ಎದುರಿಗೇ ನಿಂತಿದ್ದ.

ಪ್ರಾಂತ ಸಾಹೇಬರು ಕಾಗದ ತೋರಿಸಿ, "ಈ ಸಹಿ ನಿಮ್ಮದೇನ್ರಿ?" ಎಂದರು.

"ಹೌದ್ರಿ."

"ಇದರಾಗ ಬರದದ್ದು ಖರೇ ಐತೇನು?"

"ಇಲ್ರಿ."

"ಓದಿ ಹೇಳೀನಿ ಅಂತ ಬರದೀರಲ್ಲ?"

"ಹೇಳಿಲ್ರಿ. ಹೆಬ್ಬೆಟ್ಟು ಎಲ್ಲಿ, ಯಾವಾಗ ಒತ್ತಿಸಿದ್ರು ಅನ್ನೂದೂ ನನಗ ಗೊತ್ತಿಲ್ಲ."

"ನೀವು ಶಿಕ್ಷಕಿ. ನೌಕರಿಗೆ ಧಕ್ಕಿ ಬರಬಹುದು. ತಿಳೀತೇನು?"

"ತಿಳೀತ್ರಿ."

ಇಷ್ಟೇ. ಎರಡು ವರ್ಷ ಇಷ್ಟು ಮಾತಿಗೆ ಅಂಜಿದ್ದೆ. ಹೇಳಿದ ಮೇಲೆ ಎದೆ ಹಗುರವಾಗುತ್ತದೆ ಎನ್ನುತ್ತಾರೆ, ನನಗೆ ಆಗಲಿಲ್ಲ. ಇಷ್ಟು ಸಣ್ಣದಾಗಿತ್ತೇ ಎಂದು ಇನ್ನಷ್ಟು ನಾಚಿಕೆಯಾಯಿತು.

ಹೊರಗೆ ಬೇವಿನ ಗಿಡದ ಕೆಳಗೆ ಅಣ್ಣ ಬಂದ. ಬೈಯುತ್ತಾನೆ ಎಂದುಕೊಂಡಿದ್ದೆ. "ಓದು ಅಂತ ಹೇಳಿದ್ನಿಲ್ಲ ನಾ?" ಎಂದ. ಹೇಳಿದ್ದ. "ಹಂಗಾದ್ರ ಅವತ್ತ ಬ್ಯಾಡ ಅಂದಿದ್ರ ಆಗ್ತಿತ್ತಲ್ಲ ತಂಗಿ. ನಾ ಕೇಳ್ತಿದ್ನಿ." ನಿಜವಾಗಿ ಕೇಳುತ್ತಿದ್ದನೋ ಇಲ್ಲವೋ ನನಗೆ ಎಂದೂ ತಿಳಿಯುವುದಿಲ್ಲ. ಇನ್ನು ಮೇಲೆ ತವರಿನ ಬಾಗಿಲು ನನಗಿಲ್ಲ ಎಂದು ಹೇಳಿ ಜೀಪು ಹತ್ತಿದ. ಅವನನ್ನು ಕೆಟ್ಟವನು ಎನ್ನಲು ನನಗೆ ಈಗಲೂ ಆಗುವುದಿಲ್ಲ. ಅವನು ದ್ರಾಕ್ಷಿ ಹಚ್ಚಿದ್ದು ಯಾರದೂ ಅಲ್ಲದ ಜಾಗದಲ್ಲಿ ಎಂದು ಅವನ ನಂಬಿಕೆ. ಅದು ಎಲ್ಲರದೂ ಎಂದು ಚೆನ್ನಾಗಿ ಗೊತ್ತಿದ್ದವಳು ನಾನು.

ಬಸ್‌ಸ್ಟ್ಯಾಂಡಿನಲ್ಲಿ ಬಾಬಾಸಾಹೇಬರು ಒಂದು ಆಳಿನಷ್ಟು ಅಂತರ ಬಿಟ್ಟು ಕೂತರು. ಅಥಣಿಯ ಬಸ್ಸು ಬಂತು. ಎದ್ದು ನಿಂತ ಮೇಲೆ, "ಎಷ್ಟಕ್ಕ ಬಿಟ್ಟಿ ಅಂತ ಅವಗ ಕೇಳಿದಾವ ನಾ ರೀ ಅಕ್ಕೋರ. ಎಂಟ ವರ್ಷ ಅಂವ ಕಾದದ್ದು ನೋಡಿದ್ನಿ, ಆದ್ರೂ ಕೇಳಿದೆ" ಎಂದು ಹೇಳಿ ಬಸ್ಸು ಹತ್ತಿದರು.

ಊರಿಗೆ ಬಂದು ಎಲ್ಲರ ಎದುರು ನಾನೇ ಬಾಯಿಬಿಟ್ಟು ಹೇಳಬೇಕೆಂದಿದ್ದೇನೆ. ನೀವು ಒಪ್ಪಿದರೆ ಸಮಿತಿಯ ಪುಸ್ತಕವನ್ನು ಮತ್ತೆ ಬರೆದುಕೊಡುತ್ತೇನೆ. ಬರಬಹುದೇ ಎಂದು ಮಾಳಸಿದ್ದನನ್ನು ಕೇಳಿ ತಿಳಿಸು.

ಕುಸುಮ


ಮಡ್ಡಿಹಾಳ
27 ಆಗಸ್ಟ್ 1996

ಕುಸುಮಾ,

ನಿನ್ನ ಪತ್ರಕ್ಕೆ ಸುಮಾರು ಮೂರು ವರ್ಷ ಉತ್ತರ ಕೊಡಲಿಲ್ಲ. ಮೊದಲು ಸಿಟ್ಟಿತ್ತು. ಆಮೇಲೆ, ಸಮಿತಿ ಕೂತು ಮಾತಾಡಲು ಬಯಲಿನಲ್ಲಿ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ನಿನಗೆ ಬಡ್ತಿ ನಿಲ್ಲಿಸಿ ರಾಯಬಾಗದ ಕಡೆ ಹಾಕಿದ್ದಾರೆ ಎಂದು ಬಾಬಾಸಾಹೇಬರಿಂದ ತಿಳಿಯಿತು. ವಿಳಾಸ ಅವರೇ ಕೊಟ್ಟರು.

ಸಕ್ರಮ ರದ್ದಾಯಿತು. ಅದರ ಮೇಲೆ ಅಪೀಲು, ತಡೆ, ಮತ್ತೆ ಅಪೀಲು. ಈ ಮಾರ್ಚಿಗೆ ಕಡೆಯ ಆದೇಶ ಬಂತು. ನಿನ್ನ ಅಣ್ಣ ಕಡೆಯ ಹಣ್ಣು ಇಳಿಸಿಕೊಂಡು ತಂತಿ, ಕಂಬ ಕಿತ್ತುಕೊಂಡು ಹೋದರು. ಬಳ್ಳಿಗಳನ್ನು ಕಡಿಯುವ ದಿನ ಊರವರು ನೋಡಲು ಹೋಗಿದ್ದರು. ಖುಷಿ ಪಡುತ್ತೇವೆ ಎಂದುಕೊಂಡಿದ್ದೆವು. ನಾಲ್ಕು ವರ್ಷದ ಬಳ್ಳಿ ಕಡಿಯುವುದನ್ನು ಯಾವ ಒಕ್ಕಲಿಗನೂ ಖುಷಿಯಿಂದ ನೋಡಲಾರ. ತಿರುಗಿ ಬಂದೆವು.

ಆ ಇಪ್ಪತ್ತು ಎಕರೆಯಲ್ಲಿ ಕರಡ ಇನ್ನೂ ಬಂದಿಲ್ಲ, ಬರೀ ಕಸ. ಬೇರು ಸತ್ತಿದೆ, ಹತ್ತು ವರ್ಷ ಬೇಕು ಎನ್ನುತ್ತಾರೆ ನಮ್ಮ ಮನೆಯವರು. ಅವರು ಹೋದ ವರ್ಷ ಊರಿಗೆ ಬಂದರು. ಕರೆಯಲು ಬಾಬಾಸಾಹೇಬರೇ ಶಿರಗುಪ್ಪಿಯ ತನಕ ಹೋಗಿದ್ದರು. ಏನು ಮಾತಾಡಿದರೋ ಇಬ್ಬರೂ ಹೇಳುವುದಿಲ್ಲ.

ಹೋದ ಸೋಮವಾರ ಕಟ್ಟೆಯ ಮೇಲೆ ಹೊಸದಾಗಿ ಕೂತೆವು. ಬೇಲಿ ಈ ಸಲ ನಲವತ್ತು ಎಕರೆಗೆ ಮಾತ್ರ. ಕಾವಲು ಒಬ್ಬರದಲ್ಲ, ದಿನಕ್ಕೆ ಎರಡು ಮನೆ. ಇವರನ್ನು ಕೇಳಿದರೆ, "ಎಲ್ಲಾರೂ ಕಾಯಬೇಕು. ಒಬ್ಬನ ಮ್ಯಾಲ ಹಾಕಿದ್ರ ಬಿದ್ದಾಗ ಒಬ್ಬನ ಬೀಳ್ತಾನ" ಎಂದರು. ಯಾವ ಕಾಗದವೂ ಕಟ್ಟೆಯ ಮೇಲೆ ಗಟ್ಟಿಯಾಗಿ ಓದದೆ ಊರಿನಿಂದ ಹೊರಗೆ ಹೋಗಬಾರದು ಎಂದು ಲಕ್ಕವ್ವ ಹೇಳಿದಳು. ಅದೂ ನಿಯಮವಾಯಿತು. ಪುಸ್ತಕ ನಾನು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ. ಆದರೂ ಅದನ್ನು ನಿನಗೆ ಕೊಡುವುದಿಲ್ಲ.

ಸಭೆ ಮುಗಿಯುವಾಗ ನಿನ್ನ ಪತ್ರ ಓದಿದೆ. ಬರಬಹುದೇ ಎಂದು ಕೇಳಿದ್ದೆಯಲ್ಲ, ಅದನ್ನು. ಕೆಲವರು ಬೇಡ ಎಂದರು. ನಮ್ಮ ಓಣಿಯ ರಾಮವ್ವ, "ಬಂದು ಏನ ಮಾಡ್ತಾರ, ಸತ್ತ ಹೊಳೆವ್ವನ್ನ ತರ್ತಾರೇನ?" ಎಂದಳು. ಅವಳ ಮಾತು ಸುಳ್ಳಲ್ಲ. ಅದು ನಿನಗೂ ಹೌದು, ನನಗೂ ಹೌದು. ಆಮೇಲೆ ಎಲ್ಲರೂ ಇವರ ಮುಖ ನೋಡಿದರು.

"ಬರ್ಲಿ" ಎಂದರು. "ಅಕ್ಕೋರಿಗೆ ಮೊದಲ ಕುರ್ಚಿ ಹಾಕ್ತಿದ್ವಿ. ಈ ಸಲ ಹಾಕೂದಿಲ್ಲ, ನಮ್ಮ ಸಂಗಾಟ ನೆಲದ ಮ್ಯಾಲ ಕುಂಡ್ರಬೇಕು ಅಂತ ಬರಿ."

ಬರೆದಿದ್ದೇನೆ.

ಗಿರಿಜವ್ವ